ಕರಾವಳಿಯ ಉಬ್ಬುಮೀನು: ಗುರುತೆಲ್ಲ ಚರ್ಮದಲ್ಲಿ

ಅಪಾಯ ಕಂಡೊಡನೆ ನೀರು ನುಂಗಿ ಚೆಂಡಿನಂತೆ ಊದಿಕೊಳ್ಳುವ ಪಫರ್ ಅಥವಾ ಉಬ್ಬುಮೀನು ಕಾರವಾರದಿಂದ ಮಂಗಳೂರಿನವರೆಗೆ ಟ್ರಾಲ್ ಬಲೆಗಳಿಗೆ ಬೀಳುವ ಜಲಚರ. ಮೇಲೆರಡು, ಕೆಳಗೆರಡು ಫಲಕಗಳಾಗಿ ಬೆಸೆದ ಹಲ್ಲುಗಳಿಂದಾಗಿ ಈ ಕುಟುಂಬಕ್ಕೆ 'ಟೆಟ್ರಾಡಾಂಟಿಡೇ', ಅಂದರೆ 'ನಾಲ್ಕು ಹಲ್ಲಿನವು' ಎಂಬ ಹೆಸರು ಬಂದಿದೆ. ಬಲೆಯನ್ನೇ ಕತ್ತರಿಸಬಲ್ಲ ಈ ಹಲ್ಲುಗಳನ್ನು ಕಂಡರೆ ಮೀನುಗಾರರಿಗೆ ಆಗದು.

ರಾಜ್ಯದ ಕಡಲಿನಲ್ಲಿ ಕಾಣುವ ಪ್ರಮುಖ ಪ್ರಭೇದ 'ಲ್ಯಾಗೊಸೆಫಾಲಸ್ ಇನರ್ಮಿಸ್'. ಜಪಾನಿನ ಮಾದರಿಗಳನ್ನು ಆಧರಿಸಿ ಟೆಮಿಂಕ್ ಮತ್ತು ಶ್ಲೆಗೆಲ್ 1850ರಲ್ಲಿ ಇದನ್ನು ವರ್ಣಿಸಿದರು. ಮೊದಲ ಪದದ ಅರ್ಥ 'ಮೊಲದ ತಲೆ', ಎರಡನೆಯದರ ಅರ್ಥ 'ನಿರಾಯುಧ'. ಬೆನ್ನು ಮುಳ್ಳಿಲ್ಲದೆ ನುಣುಪಾಗಿರುವುದೇ ಈ ಹೆಸರಿಗೆ ಕಾರಣ. ಹೊಟ್ಟೆಯ ಮೇಲೆ ಮಾತ್ರ ಸಣ್ಣ ಮುಳ್ಳುಗಳಿರುವುದರಿಂದ ಹೆಸರು ಅರ್ಧ ಸತ್ಯವಷ್ಟೇ. ಕಿವಿರಿನ ದ್ವಾರ ಕಪ್ಪು. ಸೊಂಟದ ಈಜುರೆಕ್ಕೆಗಳಿಲ್ಲ. ಕೇರಳ, ಕರ್ನಾಟಕದ ಕರಾವಳಿಯಲ್ಲಿ ಇದರ ಸಂಖ್ಯೆ ಏಕಾಏಕಿ ಏರಿದ್ದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ್ದಾರೆ.

ಇದರ ಸೋದರ ಪ್ರಭೇದ 'ಲ್ಯಾಗೊಸೆಫಾಲಸ್ ಲುನಾರಿಸ್' ನೋಡಲು ಹೆಚ್ಚುಕಡಿಮೆ ಹೀಗೆಯೇ ಇದೆ. ಆದರೆ ಅದರ ಬೆನ್ನಿನ ಸಣ್ಣ ಮುಳ್ಳುಗಳು ತಲೆಯಿಂದ ಬೆನ್ನಿನ ಈಜುರೆಕ್ಕೆಯ ಬುಡದವರೆಗೂ ಹಬ್ಬಿರುತ್ತವೆ. ಬೆರಳಾಡಿಸಿದರೆ ಉಪ್ಪುಕಾಗದ ಮುಟ್ಟಿದಂತಾಗುತ್ತದೆ. ಮೂರನೆಯ ಸಂಬಂಧಿ 'ಸೆಲೆರೇಟಸ್'ಗೆ ಬೆನ್ನ ಮೇಲೆ ಕಪ್ಪು ಚುಕ್ಕೆಗಳು, ಪಕ್ಕೆಯುದ್ದಕ್ಕೂ ಬೆಳ್ಳಿಯ ಪಟ್ಟಿ ಇರುವುದರಿಂದ ಗೊಂದಲ ಕಡಿಮೆ.

ಈ ಸೂಕ್ಷ್ಮ ಭೇದ ಪ್ರಾಣಿಶಾಸ್ತ್ರಜ್ಞರ ಕುತೂಹಲಕ್ಕಷ್ಟೇ ಸೀಮಿತವಲ್ಲ. ಉಬ್ಬುಮೀನುಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದ್ದು, ಸಾಮಾನ್ಯವಾಗಿ ಅದು ಯಕೃತ್ತು ಮತ್ತು ಅಂಡಾಶಯಗಳಲ್ಲಿ ಹೆಚ್ಚು ಸಂಗ್ರಹವಾಗುತ್ತದೆ. ಲುನಾರಿಸ್‌ನ ಮಾಂಸವೇ ವಿಷಯುಕ್ತ. ನರಗಳ ಸೋಡಿಯಂ ಮಾರ್ಗವನ್ನು ಈ ವಿಷ ಮುಚ್ಚುತ್ತದೆ: ಮೊದಲು ತುಟಿ, ನಾಲಿಗೆ ಮರಗಟ್ಟುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲಬಹುದು. ಬೇಯಿಸಿದರೆ ವಿಷ ನಾಶವಾಗದು. ಪ್ರತಿವಿಷವಿಲ್ಲ, ಕೃತಕ ಉಸಿರಾಟದ ನೆರವಿನಲ್ಲಿ ವಿಷ ಇಳಿಯುವವರೆಗೆ ರೋಗಿಯನ್ನು ಕಾಯುವುದೇ ಚಿಕಿತ್ಸೆ. ಜಪಾನಿನ ಕಬುಕಿ ನಟ ಎಂಟನೆಯ ಬಂದೋ ಮಿತ್ಸುಗೊರೊ 1975ರಲ್ಲಿ ಮೃತಪಟ್ಟಿದ್ದು ಉಬ್ಬುಮೀನಿನ ಯಕೃತ್ತು ತಿಂದು.

ಚರ್ಮ ಸುಲಿದು ತಲೆ ತೆಗೆದ ಮೇಲೆ ಮೇಲಿನ ಲಕ್ಷಣಗಳಲ್ಲಿ ಒಂದೂ ಉಳಿಯುವುದಿಲ್ಲ. 2007ರಲ್ಲಿ ಅಮೆರಿಕದ ಶಿಕಾಗೊದಲ್ಲಿ 'ಮಾಂಕ್‌ಫಿಶ್' ಎಂಬ ಚೀಟಿಯಡಿ ಮಾರಾಟವಾದ ಮೀನನ್ನು ತಿಂದವರು ಅಸ್ವಸ್ಥರಾದಾಗ, ಅದು ಉಬ್ಬುಮೀನೆಂದು ಖಚಿತವಾಗಲು ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಮಲಪ್ರಭೆಯ ದಂಡೆಯ ರಾಮದುರ್ಗದಂಥ ಒಳನಾಡಿನ ಊರುಗಳಿಗೆ ಕಡಲ ಮೀನು ಬರುವುದು ಮಂಜುಗಡ್ಡೆಯಲ್ಲಿ, ಹಲವು ಕೈಗಳನ್ನು ದಾಟಿ. ಅಲ್ಲಿನ ಗ್ರಾಹಕರು ಹೆಸರು ತಿಳಿಯದ ಚರ್ಮರಹಿತ ತುಂಡುಗಳಿಗಿಂತ ಇಡೀ ಮೀನನ್ನೇ ಕೇಳಿ ಪಡೆಯುವುದು ಲೇಸು.