ಶಾಸನಶೋಧನೆಯಲ್ಲಿ ರೇಂಜ್‌ಫೈಂಡರ್ ಕ್ಯಾಮೆರಾ: ಸೇಡಂ–ಚಿತ್ತಾಪುರ ಸೀಮೆಯ ಅನುಭವದಿಂದ ಒಂದು ವಿಚಾರ

ಕಾಗಿಣಾ ತೀರದ ಮಳಖೇಡದಿಂದ ಭೀಮಾ ತೀರದ ಸನ್ನತಿಯವರೆಗೆ, ಚಿಂಚೋಳಿಯ ಕಾಡಿನಂಚಿನಿಂದ ವಾಡಿ, ಶಹಾಬಾದಗಳ ಕಲ್ಲುಗಣಿಗಳವರೆಗೆ ಹಬ್ಬಿರುವ ನೆಲದಲ್ಲಿ ಇತಿಹಾಸವು ಗ್ರಂಥಗಳಲ್ಲಿ ಉಳಿದಿರುವುದಕ್ಕಿಂತ ಕಲ್ಲಿನ ಮೇಲೆ ಉಳಿದಿರುವುದೇ ಹೆಚ್ಚು. ಆ ಬರೆಹವನ್ನು ನಮ್ಮ ಮೇಜಿನವರೆಗೆ ತರುವ ಸಾಧನವು ಯಾವುದಿರಬೇಕೆಂಬುದು ಆದುದರಿಂದ ಇಲ್ಲಿ ಹವ್ಯಾಸದ ಪ್ರಶ್ನೆಯಲ್ಲ. ವಿಭಾಗಕ್ಕೆ ಒಂದು ಒಳ್ಳೆಯ ಕ್ಯಾಮೆರಾ ಕೊಳ್ಳಬೇಕೆಂಬ ಮಾತು ಬಂದಾಗ, ಜರ್ಮನಿಯ ಲೈಕಾ ಸಂಸ್ಥೆಯ ಡಿಜಿಟಲ್ ರೇಂಜ್‌ಫೈಂಡರೇ ಆಗಲಿ ಎಂದು ಕೆಲವರು ಸೂಚಿಸಿದರು. ಕೊಂಡ ಮೇಲೆ ಮೂವತ್ತು ವರ್ಷ ನಿಶ್ಚಿಂತೆ ಎಂಬುದು ಅವರ ವಾದ. ಈ ವಾದವನ್ನು ಪರೀಕ್ಷಿಸುವ ಹೊಣೆ ನಮ್ಮ ಪಾಲಿಗೆ ಬಂದಿತು.

ಕನ್ನಡ ನಾಡಿನ ಶಿಲ್ಪಗಳನ್ನು ಛಾಯಾಚಿತ್ರದಲ್ಲಿ ಹಿಡಿಯುವ ಕೆಲಸಕ್ಕೆ ದೀರ್ಘವಾದ ಪರಂಪರೆಯುಂಟು. ಪಿಗೂ, ನೀಲ್, ಬಿಗ್ಸ್ ಎಂಬವರು ತೆಗೆದ ಧಾರವಾಡ, ಮೈಸೂರು ಪ್ರಾಂತಗಳ ವಾಸ್ತುಚಿತ್ರಗಳು 1866ರಲ್ಲಿ ಗ್ರಂಥರೂಪವಾಗಿ ಬಂದವು. ಅದಕ್ಕೆ ಚಾರಿತ್ರಿಕ ವಿವರಣೆ ಬರೆದವನು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್. ನಮ್ಮ ಸೀಮೆಯು ನಿಜಾಮರ ಅಧೀನದಲ್ಲಿತ್ತು. 1914ರಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆಯು ಗುಲಾಂ ಯಜ್ದಾನಿಯವರ ನಿರ್ದೇಶನದಲ್ಲಿ ಹುಟ್ಟಿತು. ನಾಗಾವಿಯ ಶಾಸನಗಳು ಬೆಳಕು ಕಂಡುದು ಆ ಇಲಾಖೆಯ ಗ್ರಂಥಮಾಲೆಯಲ್ಲಿಯೇ. ಅಂದಿನವರು ಬಳಸಿದುದು ಗಾಜಿನ ಫಲಕಗಳ ಭಾರವಾದ ಪೆಟ್ಟಿಗೆ ಕ್ಯಾಮೆರಾಗಳನ್ನು. ಅವು ನಿಧಾನದ ಯಂತ್ರಗಳು. ಆದರೆ ಛಾಯಾಗ್ರಾಹಕನು ಹಿಂದಿನ ಗಾಜಿನ ಮೇಲೆ ಕಂಡುದೇ ಫಲಕದ ಮೇಲೂ ಮೂಡುತ್ತಿತ್ತು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಇದು ಮುಖ್ಯ.

ಆಸ್ಕರ್ ಬಾರ್ನಾಕನ ಪುಟ್ಟ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. 1932ರ ಮಾದರಿಯಲ್ಲಿ ದೂರವನ್ನು ಅಳೆಯುವ ವ್ಯವಸ್ಥೆಯನ್ನು ಮಸೂರಕ್ಕೆ ಜೋಡಿಸಲಾಯಿತು. ಇದರ ತತ್ವ ಸರಳವಾದುದು. ಕ್ಯಾಮೆರಾದ ಮುಂಭಾಗದಲ್ಲಿ ಕೆಲವು ಅಂಗುಲ ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ. ನೋಡುವವನ ಕಣ್ಣಿಗೆ ಒಂದೇ ವಸ್ತುವಿನ ಎರಡು ಬಿಂಬಗಳು ಕಾಣುತ್ತವೆ. ಮಸೂರವನ್ನು ತಿರುಗಿಸುತ್ತ ಎರಡೂ ಒಂದಾದಾಗ ನಾಭಿ ಸರಿಯಾಯಿತೆಂದು ಅರ್ಥ. ಆದರೆ ನೋಡುವುದು ಮಸೂರದ ಮೂಲಕವಲ್ಲ, ಪಕ್ಕದ ಕಿಂಡಿಯ ಮೂಲಕ. 1954ರ ಎಂ3 ಮಾದರಿಯು ಈ ಕ್ರಮವನ್ನು ಪರಿಪೂರ್ಣತೆಗೆ ತಂದಿತು. ಅಂದಿನ ಮಸೂರವನ್ನು ಇಂದಿನ ಎಂ ಕ್ಯಾಮೆರಾಕ್ಕೂ ತೊಡಿಸಬಹುದು. ಡಿಜಿಟಲ್ ರೇಂಜ್‌ಫೈಂಡರನ್ನು ಮೊದಲು ತಂದುದು ಮಾತ್ರ ಜಪಾನಿನ ಎಪ್ಸನ್, 2004ರಲ್ಲಿ. ಲೈಕಾ ಎಂ8 ಬಂದುದು 2006ರಲ್ಲಿ, ಎಂ9 2009ರಲ್ಲಿ, ಆರು ಕೋಟಿ ಬಿಂದುಗಳ ಎಂ11 2022ರಲ್ಲಿ.

ಎಂ11 ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ 8,995 ಡಾಲರು. ಅಂದಿನ ವಿನಿಮಯದಲ್ಲಿ ಸುಮಾರು 6 ಲಕ್ಷ 70 ಸಾವಿರ ರೂಪಾಯಿ. ಇದು ಮಸೂರವಿಲ್ಲದ ಬರಿಯ ಒಡಲಿನ ಬೆಲೆ. ನಮ್ಮ ದೇಶದ ಸುಂಕ, ತೆರಿಗೆಗಳು ಬೇರೆ. ಏಳನೆಯ ವೇತನ ಶ್ರೇಣಿಯಲ್ಲಿ ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕನ ಮೂಲವೇತನ ತಿಂಗಳಿಗೆ 57,700 ರೂಪಾಯಿ, ವರ್ಷಕ್ಕೆ 6,92,400. ಒಬ್ಬ ಅಧ್ಯಾಪಕನ ಒಂದು ವರ್ಷದ ದುಡಿಮೆಯನ್ನು ನುಂಗುವ ಯಂತ್ರವು ಅಷ್ಟಕ್ಕೆ ತಕ್ಕ ಫಲವನ್ನು ಕೊಡಬೇಕಲ್ಲವೆ?

ಶಾಸನದ ಕೆಲಸದಲ್ಲಿ ಅದು ಕೊಡುವುದಿಲ್ಲವೆಂಬುದೇ ನಮ್ಮ ಅಭಿಪ್ರಾಯ. 1058ರ ನಾಗಾವಿ ಶಾಸನವನ್ನೇ ನೋಡಬಹುದು. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಾಧ್ಯಯನಕ್ಕೆ 200, ಶಾಸ್ತ್ರಾಧ್ಯಯನಕ್ಕೆ 52 ಮಂದಿ ವಿದ್ಯಾರ್ಥಿಗಳು, ಆರು ಮಂದಿ ಸರಸ್ವತೀಭಂಡಾರಿಗರು ಇದ್ದರೆಂದು ನಮಗೆ ತಿಳಿದಿರುವುದು ಅಕ್ಷರ ಅಕ್ಷರವನ್ನೂ ಕೂಡಿಸಿ ಓದಿದುದರಿಂದ. ಒಂದು ಅಕ್ಷರ ಮಸುಕಾದರೆ ಒಂದು ಸಂಖ್ಯೆ ತಪ್ಪುತ್ತದೆ; ಸಂಖ್ಯೆ ತಪ್ಪಿದರೆ ಚರಿತ್ರೆಯೇ ತಪ್ಪುತ್ತದೆ. ರೇಂಜ್‌ಫೈಂಡರಿನ ಜೋಡಣೆಯು ಸಾಮಾನ್ಯವಾಗಿ 70 ಸೆಂಟಿಮೀಟರಿಗಿಂತ ಹತ್ತಿರದಲ್ಲಿ ಕೆಲಸ ಮಾಡದು. 50 ಮಿಲಿಮೀಟರ್ ಮಸೂರದಿಂದ ಆ ದೂರದಲ್ಲಿ ಹಿಡಿಯಬಹುದಾದ ಅತಿ ಚಿಕ್ಕ ಭಾಗ ಸುಮಾರು 42 ಸೆಂಟಿಮೀಟರ್ ಅಗಲ, 28 ಸೆಂಟಿಮೀಟರ್ ಎತ್ತರ. ಸೇಡಂನ 1124ರ ಬಸದಿ ಶಾಸನದಂತಹ ಒತ್ತಾದ ಬರೆಹದಲ್ಲಿ ಸವೆದ ಒಂದೇ ಅಕ್ಷರವನ್ನು ಬೇರ್ಪಡಿಸಿ ನೋಡಬೇಕಾದವನಿಗೆ ಇದು ಸಾಲದು. ಹತ್ತಿರ ಹೋದಷ್ಟೂ ಕಿಂಡಿಯ ನೋಟಕ್ಕೂ ಮಸೂರದ ನೋಟಕ್ಕೂ ಅಂತರ ಹೆಚ್ಚುತ್ತದೆ. ಕಿಂಡಿಗಳೆರಡೂ ಅಡ್ಡಸಾಲಿನಲ್ಲಿರುವುದರಿಂದ ಬಿಂಬಗಳನ್ನು ಕೂಡಿಸಲು ನಿಲುವುಗೆರೆ ಬೇಕು. ದುಂಡಗಿನ ನಮ್ಮ ಕನ್ನಡ ಲಿಪಿಯು, ಅದರಲ್ಲಿಯೂ ಮಳೆಗಾಳಿಗೆ ಸವೆದ ಮೇಲೆ, ಈ ಯಂತ್ರದೊಡನೆ ಅಷ್ಟಾಗಿ ಸಹಕರಿಸುವುದಿಲ್ಲ! 2012ರಲ್ಲಿ ಪ್ರಕಟವಾದ ಮಾದರಿಯಿಂದೀಚೆಗೆ ಮಸೂರದ ಬಿಂಬವನ್ನೇ ಹಿಂಬದಿಯ ಪರದೆಯ ಮೇಲೆ ನೋಡುವ ಸೌಕರ್ಯ ಬಂದಿದೆಯೆಂಬುದು ನಿಜ. ಆದರೆ ಪರದೆಯನ್ನೇ ನೋಡುವುದಾದರೆ ರೇಂಜ್‌ಫೈಂಡರಿಗೆ ಹಣ ತೆರುವುದೇಕೆ? 2025ರಲ್ಲಿ ಆ ಸಂಸ್ಥೆಯೇ ರೇಂಜ್‌ಫೈಂಡರ್ ಇಲ್ಲದ ಎಂ ಕ್ಯಾಮೆರಾವೊಂದನ್ನು ಹೊರತಂದಿತು.

ಈ ಮಾತುಗಳನ್ನು ನಾವು ಬೆಲೆಪಟ್ಟಿ ಓದಿ ಮಾತ್ರ ಆಡುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಹಿರಿಯ ಮಿತ್ರರೊಬ್ಬರಿಂದ ಫಿಲ್ಮಿನ ರೇಂಜ್‌ಫೈಂಡರೊಂದನ್ನು ಎರವಲು ತಂದಿದ್ದೆವು. ತಯಾರಕರ ಹೆಸರು ಇಲ್ಲಿ ಅನಗತ್ಯ. ನಾಗಾವಿಯಲ್ಲಿ ಮಸೂರದ ಮುಚ್ಚಳವನ್ನು ತೆಗೆಯದೆಯೇ ಒಂದು ಸುರುಳಿಯನ್ನು ಮುಗಿಸಿದೆವು. ಕಿಂಡಿಯಲ್ಲಿ ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು! ಅದು ನಮ್ಮ ಅಜಾಗರೂಕತೆ. ಮರುದಿನ ಹೋಗಿ ಮತ್ತೆ ತೆಗೆದೆವು. ಎರಡನೆಯ ಪ್ರಸಂಗವು ನಗುವಂತಹುದಲ್ಲ. ಸೇಡಂ ತಾಲೂಕಿನ ಹಳ್ಳಿಯೊಂದರಲ್ಲಿ ಗುಡಿಯ ಮುಂದೆ ಒರಗಿಸಿದ್ದ ಕಲ್ಲೊಂದನ್ನು ಕಂಡು, ಅಚ್ಚು ತೆಗೆಯುವ ಕಾಗದ ಮುಗಿದಿದ್ದುದರಿಂದ ಹನ್ನೆರಡು ಚಿತ್ರಗಳನ್ನು ತೆಗೆದುಕೊಂಡು ಬಂದೆವು. ಬಸ್ಸು ಜೀಪುಗಳ ಕುಲುಕಾಟದಲ್ಲಿ ಯಂತ್ರದ ಜೋಡಣೆಯು ಕೂದಲೆಳೆಯಷ್ಟು ತಪ್ಪಿದ್ದುದು ನಮಗೆ ತಿಳಿಯಲಿಲ್ಲ. ಬಿಂಬಗಳು ಕಿಂಡಿಯಲ್ಲಿ ಒಂದಾಗಿದ್ದವು. ಫಿಲ್ಮಿನಲ್ಲಿ ಹನ್ನೆರಡೂ ಮಸುಕು. ನಾಲ್ಕು ತಿಂಗಳ ಮೇಲೆ ಹೋದಾಗ ಗುಡಿಯ ಜೀರ್ಣೋದ್ಧಾರ ಮುಗಿದಿತ್ತು. ಆ ಕಲ್ಲನ್ನು ಬರೆಹದ ಮುಖ ಕೆಳಗಾಗುವಂತೆ ಹಾಸಿ, ಮೇಲೆ ನುಣುಪಾದ ಹಾಸುಗಲ್ಲು ಕೂರಿಸಿದ್ದರು. ಊರಿನ ಹಿರಿಯರು ಅತ್ಯಂತ ವಿಶ್ವಾಸದಿಂದ ನಮಗೆ ಚಹಾ ಕೊಟ್ಟು, ಅಂಗಳ ಎಷ್ಟು ಚೆನ್ನಾಗಿ ಆಗಿದೆ ನೋಡಿರೆಂದರು. ನಮ್ಮ ಟಿಪ್ಪಣಿಯಲ್ಲಿ ಉಳಿದಿರುವುದು ಮೊದಲ ಎರಡು ಸಾಲುಗಳು ಮಾತ್ರ.

ಸನ್ನತಿಯಲ್ಲಿ ಇದಕ್ಕೆ ಪ್ರತಿಯಾದುದು ನಡೆಯಿತು. ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಮುಖಗಳಲ್ಲಿ ಅಶೋಕನ ಶಾಸನಗಳಿರುವುದು 1989ರಲ್ಲಿ ತಿಳಿದುಬಂದಿತು. ಪೀಠಕ್ಕಾಗಿ ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಎಂದೆಂದಿಗೂ ಹೋದವು. ಕಲ್ಲು ತಾನಾಗಿ ಮುಖ ತೋರಿಸುವ ಇಂತಹ ಭಾಗ್ಯ ಎಲ್ಲೆಡೆಯೂ ಒದಗದು.

ರೇಂಜ್‌ಫೈಂಡರಿಗೆ ಗುಣವೇ ಇಲ್ಲವೆಂದರೆ ಅನ್ಯಾಯವಾದೀತು. ಡಿಜಿಟಲ್ ರೇಂಜ್‌ಫೈಂಡರೊಂದು ನಾಲ್ಕು ದಿನ ನಮ್ಮ ಕೈಯಲ್ಲಿದ್ದಾಗ ಶಹಾಬಾದದ ಕಲ್ಲುಗಣಿಗಳಿಗೂ ವಾಡಿಯ ರೈಲು ನಿಲ್ದಾಣಕ್ಕೂ ಅದನ್ನು ಒಯ್ದಿದ್ದೆವು. ಅದು ಚಿಕ್ಕದು, ಸದ್ದು ಕಡಿಮೆ; ಒಳಗೆ ಕನ್ನಡಿ ಬಡಿಯುವುದಿಲ್ಲವಾದುದರಿಂದ ಮಂದ ಬೆಳಕಿನಲ್ಲಿಯೂ ಕೈಯಲ್ಲಿಯೇ ಹಿಡಿದು ತೆಗೆಯಬಹುದು. ಚೌಕಟ್ಟಿನ ಹೊರಗೆ ಏನು ನಡೆಯುತ್ತಿದೆಯೆಂಬುದೂ ಕಾಣುತ್ತಿರುತ್ತದೆ. ಪರಸಿ ಎಬ್ಬಿಸುವ ಮುದುಕನೊಬ್ಬನು ಪದರದ ಸಂದಿಗೆ ಉಳಿ ಇಟ್ಟು, ಕಿವಿಗೊಟ್ಟು, ಸುತ್ತಿಗೆಯ ಏಟು ಹಾಕುವುದನ್ನು ಅರ್ಧ ಗಂಟೆ ಚಿತ್ರಿಸಿದೆವು. ಅವನು ಒಮ್ಮೆಯೂ ತಲೆಯೆತ್ತಲಿಲ್ಲ. ಈಗ ಯಂತ್ರಗರಗಸಗಳ ಕಾಲ. ಈ ಕೈಕೆಲಸದ ದಾಖಲೆಯೂ ಇತಿಹಾಸವೇ ಸರಿ. ಅದಕ್ಕೆ ಇಂತಹ ಯಂತ್ರವು ಯೋಗ್ಯವೇ ಸರಿ. ಆದರೂ ಇಂದಿನ ಕನ್ನಡಿಯಿಲ್ಲದ ಸಾಮಾನ್ಯ ಕ್ಯಾಮೆರಾಗಳಲ್ಲಿ ಸದ್ದನ್ನು ಪೂರ್ತಿಯಾಗಿ ಅಡಗಿಸಬಹುದೆಂಬುದನ್ನು ಕಾಣದಿರಲಾಗದು.

ಉಳಿದುದು ದುರಸ್ತಿಯ ಪ್ರಶ್ನೆ. ಮೂವತ್ತು ವರ್ಷ ಬಾಳುವುದೆಂಬ ಖ್ಯಾತಿಯು ಫಿಲ್ಮಿನ ಕಾಲದ್ದು. ಹಲ್ಲುಚಕ್ರ, ತಿರುಪುಗಳ ಎಂ3ಯನ್ನು ನುರಿತ ಕುಶಲಕರ್ಮಿಯು ಇಂದಿಗೂ ಸರಿಪಡಿಸಬಲ್ಲನು. ಡಿಜಿಟಲ್ ಯಂತ್ರದ ಜೀವವಿರುವುದು ಸಂವೇದಕದಲ್ಲಿ. ಎಂ9ರ ಸಂವೇದಕದ ಮೇಲಿನ ಗಾಜು ಕೆಲವು ಕ್ಯಾಮೆರಾಗಳಲ್ಲಿ ಸವೆಯತೊಡಗಿದಾಗ ಸಂಸ್ಥೆಯು 2014ರಲ್ಲಿ ಉಚಿತವಾಗಿ ಬದಲಿಸಿಕೊಡಲು ಒಪ್ಪಿತು. ಇದು ಮೆಚ್ಚತಕ್ಕ ನಡತೆ. 2017ರಲ್ಲಿ ಆ ಔದಾರ್ಯಕ್ಕೆ ಮಿತಿ ಬಿದ್ದಿತು. ಕೆಲವು ವರ್ಷಗಳಲ್ಲಿ ಬದಲಿ ಸಂವೇದಕಗಳೂ ಮುಗಿದವು. ಮಸೂರ ಎಪ್ಪತ್ತು ವರ್ಷ ಬಾಳೀತು, ಒಡಲು ಹದಿನೈದು ವರ್ಷ ಬಾಳುವುದೂ ನಿಶ್ಚಿತವಲ್ಲ. ಸಿಮೆಂಟಿನ ಧೂಳು ಗಿಡದ ಎಲೆಗಳ ಮೇಲೆಯೇ ಕೂತಿರುವ ವಾಡಿಯಂತಹ ಕಡೆ ಮಸೂರ ಬದಲಿಸುವವನಿಗೆ ಈ ಚಿಂತೆ ಇಮ್ಮಡಿಯಾಗುತ್ತದೆ. ಕೆಟ್ಟ ಯಂತ್ರ ದೂರದ ನಗರಕ್ಕೋ ಪರದೇಶಕ್ಕೋ ಹೋಗಿ ಬರುವಷ್ಟರಲ್ಲಿ ಇನ್ನೆಷ್ಟು ಗುಡಿಗಳ ಅಂಗಳ ಹೊಸದಾಗುವುದೋ ಬಲ್ಲವರಾರು?

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವ ಕ್ರಮವನ್ನು ನಮ್ಮ ವಿಭಾಗವು ಕಲಿಯುವುದು ಲೇಸೆಂದು ಸಮಿತಿಗೆ ತಿಳಿಸಿದ್ದೇವೆ. ನಾವು ಬರೆದುಕೊಟ್ಟ ಪಟ್ಟಿ ಚಿಕ್ಕದು: ಮಸೂರದ ಮೂಲಕವೇ ನೋಡುವ ಸಾಧಾರಣ ಬೆಲೆಯ ಎರಡು ಕ್ಯಾಮೆರಾಗಳು, ಅತಿ ಹತ್ತಿರದ ಚಿತ್ರಕ್ಕೆ ತಕ್ಕ ಒಂದು ಮಸೂರ, ಗಟ್ಟಿಯಾದ ಮುಕ್ಕಾಲಿ, ಓರೆಬೆಳಕು ಬೀರುವ ಎರಡು ದೀಪಗಳು, ಮತ್ತು ಎಂದಿಗಿಂತ ಇಮ್ಮಡಿ ಅಚ್ಚಿನ ಕಾಗದ. ಮಳೆ ನಿಂತ ಮೇಲೆ ಚಿಂಚೋಳಿಯಿಂದ ಕೆಲಸ ಆರಂಭವಾಗುತ್ತದೆ. ಸೇಡಂ ತಾಲೂಕಿನ ಆ ಹಳ್ಳಿಯ ಹಿರಿಯರಿಗೂ ಪತ್ರ ಬರೆದಿದ್ದೇವೆ. ಹಾಸುಗಲ್ಲನ್ನು ಎತ್ತಿ ಮತ್ತೆ ಕೂರಿಸುವ ವೆಚ್ಚವನ್ನು ನಾವೇ ಕೊಡುವುದಾದರೆ ಮುಂದಿನ ಜಾತ್ರೆಯ ಮೊದಲು ಯೋಚಿಸೋಣವೆಂದು ಉತ್ತರ ಬಂದಿದೆ.