ಬಿಸಿಲಿನ ಹಂಡೆಯ ಕಥೆ



ಮನೆಯಲ್ಲೇ ಒಂದು ಸೌರ ಜಲತಾಪಕವನ್ನು ಕಟ್ಟಬೇಕೆಂಬ ಆಸೆ ನಿಮ್ಮಲ್ಲಿ ಹಲವರಿಗೆ ಇರಬಹುದು. ನನಗೂ ಇತ್ತು. ಬಿ.ಎಸ್ಸಿ. ಓದುತ್ತಿದ್ದಾಗ ಹಳೆಯ ತಗಡಿನ ಡ್ರಮ್ಮೊಂದಕ್ಕೆ ಕಪ್ಪು ಬಣ್ಣ ಬಳಿದು, ನೀರು ತುಂಬಿ ತಾರಸಿಯ ಮೇಲಿಟ್ಟೆ. ಮಧ್ಯಾಹ್ನ ಮೂರು ಗಂಟೆಗೆ ನೀರು ಚೆನ್ನಾಗಿ ಕಾದಿತ್ತು. ನಾಳೆ ಒಲೆ ಹಚ್ಚುವ ಕೆಲಸವಿಲ್ಲವೆಂದು ಅಮ್ಮನಿಗೆ ಜಂಬದಿಂದ ಹೇಳಿದೆ. ಬೆಳಗಿನ ಆರಕ್ಕೆ ಅದೇ ನೀರು ಬಾವಿಯ ನೀರಿನಂತೆ ತಣ್ಣಗಿತ್ತು. ಅಮ್ಮ ಏನೂ ಹೇಳದೆ ಬಚ್ಚಲಿನ ಹಂಡೆಗೆ ಉರಿ ಹಾಕಿದರು. ನಾನು ಮಾಡಿದ ತಪ್ಪು ಹೊಸದಲ್ಲ, ನೂರು ವರ್ಷ ಹಳೆಯದು ಎಂಬುದು ಆಮೇಲೆ ತಿಳಿಯಿತು. ಅದಕ್ಕಾಗಿಯೇ ಈ ಕಥೆ.

1767ರಲ್ಲಿ ಜಿನೀವಾದ ವಿಜ್ಞಾನಿ ಓರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಒಂದರೊಳಗೊಂದು ಇರುವಂತೆ ಐದು ಗಾಜಿನ ಪೆಟ್ಟಿಗೆಗಳನ್ನು ಕಪ್ಪು ಮೇಜಿನ ಮೇಲೆ ಬಿಸಿಲಿಗಿಟ್ಟ. ಒಳಗಿನ ಪೆಟ್ಟಿಗೆಯ ಉಷ್ಣತೆ ಸುಮಾರು 87 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಗಾಜು ಬೆಳಕನ್ನು ಒಳಗೆ ಬಿಡುತ್ತದೆ; ಕಪ್ಪು ಮೈ ಅದನ್ನು ಹೀರಿ ಶಾಖವಾಗಿಸುತ್ತದೆ; ಆ ಶಾಖದ ವಿಕಿರಣವನ್ನಾಗಲಿ, ಕಾದ ಗಾಳಿಯನ್ನಾಗಲಿ ಗಾಜು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಮುಂದೆ ಸೊಸ್ಯೂರ್ ಮರದ ಪೆಟ್ಟಿಗೆಗೆ ಶಾಖನಿರೋಧಕ ಒಳಪದರ ಹಾಕಿ ಮೂರು ಗಾಜು ಮುಚ್ಚಿದಾಗ ಉಷ್ಣತೆ ಕುದಿಯುವ ನೀರಿನದನ್ನೂ ದಾಟಿತು. ಇಂದಿನ ಸೌರಫಲಕದ ಮೂಲ ಈ ಪೆಟ್ಟಿಗೆಯೇ.

ಅದರೊಳಗೆ ನೀರಿನ ತೊಟ್ಟಿಗಳನ್ನಿಟ್ಟು ಮಾರಾಟಕ್ಕೆ ತಂದವನು ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್. 1891ರಲ್ಲಿ ಅವನು 'ಕ್ಲೈಮ್ಯಾಕ್ಸ್' ಎಂಬ ಜಲತಾಪಕಕ್ಕೆ ಪೇಟೆಂಟ್ ಪಡೆದ. ಕ್ಯಾಲಿಫೋರ್ನಿಯಾದ ಪಾಸಡೀನಾ ಊರಿನಲ್ಲಿ 1897ರ ಹೊತ್ತಿಗೆ ಸುಮಾರು ಮೂರರಲ್ಲಿ ಒಂದು ಮನೆಯ ಮೇಲೆ ಸೌರ ಜಲತಾಪಕವಿತ್ತು. ಆದರೆ ನೀರು ಕಾಯುವ ಜಾಗವೂ ಇರುವ ಜಾಗವೂ ಒಂದೇ. ಹಗಲು ಶಾಖವನ್ನು ಒಳಗೆ ತಂದ ಗಾಜೇ ರಾತ್ರಿ ಅದು ಸೋರಿಹೋಗುವ ದಾರಿಯಾಗುತ್ತಿತ್ತು. ಬೆಳಗಿನ ಸ್ನಾನಕ್ಕೆ ಬಿಸಿನೀರಿಲ್ಲ! ನನ್ನ ಡ್ರಮ್ಮಿಗೆ ಗಾಜೂ ಇರಲಿಲ್ಲ. ಅದರ ಗತಿ ಹೇಳಬೇಕಾಗಿಲ್ಲ.

1909ರಲ್ಲಿ ಅದೇ ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ ಈ ಎರಡು ಕೆಲಸಗಳನ್ನು ಬೇರ್ಪಡಿಸಿದ. ಕಾಯಿಸಲು ಗಾಜಿನಡಿ ಸಣ್ಣ ಕೊಳವೆಗಳು. ಕಾಪಾಡಲು ಮೇಲೆ ಕಂಬಳಿ ಹೊದ್ದಂತಿರುವ ಪ್ರತ್ಯೇಕ ತೊಟ್ಟಿ. ಪಂಪಿನ ಅಗತ್ಯವೇ ಇಲ್ಲ. ಕಾದ ನೀರು ಹಿಗ್ಗಿ ಹಗುರವಾಗಿ ತೊಟ್ಟಿಗೆ ಏರುತ್ತದೆ, ತೊಟ್ಟಿಯ ತಳದ ತಣ್ಣೀರು ಫಲಕಕ್ಕೆ ಇಳಿಯುತ್ತದೆ. ಇದೇ ಥರ್ಮೋಸೈಫನ್. ಬೈಲಿ ಇದಕ್ಕೆ 'ಡೇ ಅಂಡ್ ನೈಟ್', ಅಂದರೆ ಹಗಲು ಮತ್ತು ರಾತ್ರಿ, ಎಂದು ಹೆಸರಿಟ್ಟ. ಗೆಲುವು ರಾತ್ರಿಯದೇ ಆಗಿತ್ತು.

ಈಗ ನಿಮ್ಮ ಯೋಜನೆಗೆ ಬನ್ನಿ. ಮೊದಲು ಕಾಗದದ ಮೇಲೆ ಲೆಕ್ಕ ಮಾಡಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು 3,000 ಕಿಲೊಕ್ಯಾಲೊರಿ, ಅಂದರೆ ಸುಮಾರು 3.5 ಯೂನಿಟ್ ಶಕ್ತಿ ಬೇಕು. ನಮ್ಮ ನಾಡಿನಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿಗೆ ಸುಮಾರು 5 ಯೂನಿಟ್ ಸಿಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಕಡಿಮೆ ನೀರಿಗೆ ಸೇರಿತೆಂದುಕೊಳ್ಳಿ. ಹಾಗಾದರೆ 100 ಲೀಟರಿಗೆ 2 ಚದರ ಮೀಟರ್ ಫಲಕ ಬೇಕಾಯಿತು. ಫಲಕ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿರಲಿ. ತೊಟ್ಟಿಯ ತಳ ಫಲಕದ ಮೇಲ್ತುದಿಗಿಂತ ಒಂದಡಿಯಾದರೂ ಎತ್ತರವಿರಲಿ, ಇಲ್ಲವಾದರೆ ರಾತ್ರಿ ಪ್ರವಾಹ ಹಿಮ್ಮುಖವಾಗಿ ಹರಿದು ತೊಟ್ಟಿ ತಣ್ಣಗಾದೀತು. ಬಿಸಿನೀರಿನ ಕೊಳವೆ ಎಲ್ಲೂ ತಗ್ಗದೆ ಏರುತ್ತಲೇ ಸಾಗಲಿ. ನಡುವೆ ಗಾಳಿ ಸಿಕ್ಕಿಕೊಂಡರೆ ನೀರು ನಿಲ್ಲುತ್ತದೆ. ತೊಟ್ಟಿಯಿಂದ ಮೇಲಕ್ಕೆ ತೆರೆದ ಗಾಳಿಕೊಳವೆಯನ್ನು ಮರೆಯಬೇಡಿ. ಪೂರ್ತಿ ಮುಚ್ಚಿದ ತೊಟ್ಟಿ ಒತ್ತಡದಿಂದ ಸಿಡಿಯಬಹುದು. 100 ಲೀಟರ್ ಎಂದರೆ 100 ಕಿಲೊ. ತಾರಸಿ ಮತ್ತು ಕಟ್ಟೆಯ ಬಲವನ್ನು ತಿಳಿದವರಿಂದ ನೋಡಿಸಿ. ಕೊಳವೆಬಾವಿಯ ಗಡಸು ನೀರಾದರೆ ಸುಣ್ಣ ಕಟ್ಟಿ ಕೊಳವೆಗಳು ಕಿರಿದಾಗುತ್ತವೆ; ಬಿಚ್ಚಿ ತೊಳೆಯಲು ಅವಕಾಶವಿಟ್ಟುಕೊಳ್ಳಿ.

ಬೈಲಿಯ ಕಥೆ ಸುಖವಾಗಿ ಮುಗಿಯಲಿಲ್ಲ. 1913ರ ಕಡುಚಳಿಗೆ ಫಲಕದ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಅವು ಒಡೆದವು. ಅವನು ಧೃತಿಗೆಡದೆ ಕೊಳವೆಗಳಲ್ಲಿ ಆಲ್ಕೊಹಾಲ್ ಬೆರೆಸಿದ ನೀರನ್ನು ಹರಿಸಿ, ಅದರ ಶಾಖ ಮಾತ್ರ ತೊಟ್ಟಿಯ ನೀರಿಗೆ ದಾಟುವಂತೆ ಮಾಡಿದ. ಆದರೆ 1920ರ ದಶಕದಲ್ಲಿ ಅಲ್ಲಿ ಅಗ್ಗದ ನೈಸರ್ಗಿಕ ಅನಿಲ ಬಂದಾಗ ಜನ ಸೂರ್ಯನನ್ನು ಮರೆತರು; ಬೈಲಿಯ ಕಂಪನಿಯೂ ಅನಿಲದ ಹೀಟರುಗಳನ್ನೇ ಮಾರಿತು. ಯಂತ್ರ ಸೋತಿರಲಿಲ್ಲ, ಬೆಲೆ ಸೋಲಿಸಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಜಗತ್ತು ಮತ್ತೆ ತಾರಸಿಯ ಕಡೆ ನೋಡಿತು. ಇಸ್ರೇಲ್ 1980ರಲ್ಲಿ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಾನೂನಿನಿಂದಲೇ ಕಡ್ಡಾಯಗೊಳಿಸಿತು. ಇಂದು ಬೆಂಗಳೂರಿನ ಯಾವುದೇ ಬಡಾವಣೆಯ ತಾರಸಿಗಳನ್ನು ನೋಡಿ, ಬೈಲಿಯ ತೊಟ್ಟಿ ಸಾಲಾಗಿ ಕಾಣಿಸುತ್ತದೆ.

ಆದ್ದರಿಂದ ಮಿತ್ರರೇ, ಫಲಕಕ್ಕೆ ಖರ್ಚು ಮಾಡುವ ಮುನ್ನ ತೊಟ್ಟಿಯ ಹೊದಿಕೆಯ ಬಗ್ಗೆ ಯೋಚಿಸಿ. ಬಿಸಿಲು ನಮ್ಮಲ್ಲಿ ಧಾರಾಳವಾಗಿದೆ. ಸಂಜೆ ಐದರಿಂದ ಬೆಳಗಿನ ಆರರವರೆಗೆ ಅದನ್ನು ಕಾಯ್ದಿಡುವುದೇ ನಿಜವಾದ ವಿದ್ಯೆ. ಸಂಜೆಯೊಮ್ಮೆ, ಬೆಳಿಗ್ಗೆಯೊಮ್ಮೆ ತೊಟ್ಟಿಯ ನೀರಿನ ಉಷ್ಣತೆ ಅಳೆದು ಬರೆದಿಡಿ. ಎರಡು ಅಂಕಿಗಳ ಅಂತರ ಕಡಿಮೆಯಾದ ದಿನ ನಿಮ್ಮ ಮನೆಯ ಒಲೆಗೆ ನಿಜವಾಗಿಯೂ ರಜೆ.