ಡಿಸ್ಕಿನಲ್ಲಿ ಸಿಗದ ಕೈಚಲನೆ

ನಿಂಟೆಂಡೊ ಕಂಪನಿಯ ‘ದ ಲೆಜೆಂಡ್ ಆಫ್ ಜೆಲ್ಡಾ: ಟ್ವೈಲೈಟ್ ಪ್ರಿನ್ಸೆಸ್’ ಆಟ 2006ರ ಕೊನೆಗೆ ಎರಡು ರೂಪದಲ್ಲಿ ಹೊರಬಂತು. ನವೆಂಬರ್‌ನಲ್ಲಿ ಹೊಸ ಯಂತ್ರವಾದ ವೀಗೆ, ಡಿಸೆಂಬರ್‌ನಲ್ಲಿ ಹಳೆಯ ಗೇಮ್‌ಕ್ಯೂಬ್‌ಗೆ. ಕಥೆ, ಊರು, ಪಾತ್ರಗಳು ಎಲ್ಲ ಅವೇ. ಆದರೆ ಗೇಮ್‌ಕ್ಯೂಬ್‌ನಲ್ಲಿ ಪೂರ್ವಕ್ಕೆ ಮೂಡುವ ಸೂರ್ಯ ವೀಯಲ್ಲಿ ಪಶ್ಚಿಮಕ್ಕೆ ಮೂಡುತ್ತಾನೆ. ಎಡಕ್ಕಿದ್ದ ಬೆಟ್ಟ ಬಲಕ್ಕೆ ಬಂದಿದೆ, ಬಲಕ್ಕಿದ್ದ ಬಾಗಿಲು ಎಡಕ್ಕೆ ಹೋಗಿದೆ. ಇದೆಲ್ಲ ನಡೆದದ್ದು ಒಂದು ಕೈಯ ಸಲುವಾಗಿ. ಆಟದ ನಾಯಕ ಲಿಂಕ್ ಮೂಲದಲ್ಲಿ ಎಡಚ. 2006ರ ಮೇ ತಿಂಗಳ ಇ3 ಮೇಳದಲ್ಲಿ ವೀ ಆವೃತ್ತಿಯನ್ನು ಜನರ ಕೈಗೆ ಕೊಟ್ಟಾಗ ಕತ್ತಿ ಬೀಸಲು ಬಟನ್ ಒತ್ತಬೇಕಿತ್ತು. ಮೇಳ ಮುಗಿದ ಮೇಲೆ, ರಿಮೋಟ್ ಬೀಸಿದರೆ ಕತ್ತಿಯೂ ಬೀಸುವಂತೆ ಬದಲಾಯಿಸಿದರು. ಆಡುವವರಲ್ಲಿ ಹೆಚ್ಚಿನವರು ಬೀಸುವುದು ಬಲಗೈ, ತೆರೆಯ ಮೇಲೆ ಆಡುವುದು ಎಡಗೈ; ಹೊಂದಲಿಲ್ಲ. ಕೊನೆಗೆ ಲೋಕವನ್ನೇ ಕನ್ನಡಿಯ ಬಿಂಬದಂತೆ ಹೊರಳಿಸಿ ಲಿಂಕ್‌ನನ್ನು ಬಲಚನನ್ನಾಗಿ ಮಾಡಿದರು. ನಿರ್ದೇಶಕ ಐಜಿ ಅವೊನುಮಾ 2007ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಈ ಬದಲಾವಣೆಯ ಕಥೆ ಹೇಳಿದರು.

ಎರಡೂ ಡಿಸ್ಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊರಳಿದ ಲೋಕ ಕಾಣಿಸುತ್ತದೆ. ಯಾಕೆ ಹೊರಳಿತು ಎಂಬುದು ಯಾವ ಡಿಸ್ಕಿನಲ್ಲೂ ಇಲ್ಲ. ವೀಡಿಯೊ ಆಟಗಳಲ್ಲಿ ಬಳಕೆಯಾಗದೆ ಉಳಿದದ್ದನ್ನು ಹುಡುಕುವ, ದೇಶದಿಂದ ದೇಶಕ್ಕೆ ಬದಲಾದ ಆವೃತ್ತಿಗಳನ್ನು ಹೋಲಿಸುವ ಕೆಲಸ ಇವತ್ತು ಒಂದು ಶಾಸ್ತ್ರದಷ್ಟು ಬೆಳೆದಿದೆ. ಮೈಕೈ ಆಡಿಸಿ ಆಡುವ ಆಟಗಳ ಹತ್ತಿರ ಬಂದಾಗ ಮಾತ್ರ ಅದರ ರೂಢಿಯ ಸಲಕರಣೆಗಳು ಸಾಲುವುದಿಲ್ಲ. ಅವು ಎಲ್ಲಿಯವರೆಗೆ ಕೈಹಿಡಿದವು, ಎಲ್ಲಿ ಕೈಬಿಟ್ಟವು ಎಂದು ನೋಡುವುದು ಈ ಬರಹದ ಉದ್ದೇಶ.

ಆಟದಲ್ಲಿ ಬಳಸದ ಚಿತ್ರ, ಸಂಗೀತ, ಸಂಭಾಷಣೆ ಡಿಸ್ಕಿನಲ್ಲಿ ಉಳಿಯುವುದಕ್ಕೆ ಕಾರಣ ಸರಳ. ಬಿಡುಗಡೆ ಹತ್ತಿರವಾದಾಗ ಒಂದು ಭಾಗವನ್ನು ಕಿತ್ತು ತೆಗೆದರೆ ಅದನ್ನು ನೆಚ್ಚಿಕೊಂಡ ಇನ್ನೊಂದು ಭಾಗ ಮುರಿಯಬಹುದು. ಅದಕ್ಕಿಂತ ಅಲ್ಲಿಗೆ ಹೋಗುವ ದಾರಿ ಮುಚ್ಚುವುದು ಸುರಕ್ಷಿತ. 1990ರ ದಶಕದ ಆರಂಭದಲ್ಲಿ ‘ಗೇಮ್ ಜೀನಿ’ಯಂಥ ಉಪಕರಣಗಳು ಆಟದ ಸಂಖ್ಯೆಗಳನ್ನು ತಿದ್ದಲು ಬಿಟ್ಟಾಗ, ಇಂಥ ಮುಚ್ಚಿದ ದಾರಿಗಳಲ್ಲಿ ಕೆಲವು ಅಕಸ್ಮಾತ್ತಾಗಿ ತೆರೆದುಕೊಂಡವು. ಆಮೇಲೆ ಎಮ್ಯುಲೇಟರ್‌ಗಳು ಬಂದವು, ಕಂಪ್ಯೂಟರ್‌ನಲ್ಲೇ ಆಟದ ಮೆಮೊರಿಯನ್ನು ಬಿಚ್ಚಿ ಓದುವುದು ಸಾಧ್ಯವಾಯಿತು. ‘ದ ಕಟಿಂಗ್ ರೂಮ್ ಫ್ಲೋರ್’ ಎಂಬ ಸಾಮೂಹಿಕ ಕೋಶದಲ್ಲಿ ಹವ್ಯಾಸಿಗಳು ಆಟದಿಂದ ಆಟಕ್ಕೆ ಇಂಥ ಉಳಿಕೆಗಳನ್ನು ದಾಖಲಿಸುತ್ತ ಬಂದಿದ್ದಾರೆ. 2005ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ನ ಮುಚ್ಚಿಟ್ಟ ಲೈಂಗಿಕ ದೃಶ್ಯ ಹೊರಬಿದ್ದು, ಆಟಗಳಿಗೆ ವಯೋಮಿತಿ ಗೊತ್ತುಮಾಡುವ ಅಮೆರಿಕದ ಮಂಡಳಿ ಆ ಆಟದ ವಯೋಮಿತಿಯನ್ನೇ ಬದಲಿಸಿತು. ಬಳಸದ ಭಾಗಕ್ಕೂ ತಯಾರಕರೇ ಹೊಣೆ ಎಂಬ ಅರಿವು ಉದ್ಯಮಕ್ಕೆ ಬಂದದ್ದು ಆಗ.

ವೀ ಬಂದಾಗ ಹುಡುಕುವವರ ಎದುರು ಗೂಢಲಿಪಿಯ ಬೀಗವಿತ್ತು. ಅದನ್ನು ತೆರೆದ ಬಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ವೀ ಯಂತ್ರ ಗೇಮ್‌ಕ್ಯೂಬ್ ಆಟ ಓಡಿಸುವಾಗ ತನ್ನ ಮೆಮೊರಿಯ ಒಂದು ಭಾಗವನ್ನಷ್ಟೇ ಬಿಟ್ಟುಕೊಡುತ್ತಿತ್ತು. ಒಂದು ತಂಡದವರು ಚಿಮಟದಿಂದ ಸರ್ಕ್ಯೂಟಿನ ಎರಡು ಬಿಂದುಗಳನ್ನು ಮುಟ್ಟಿಸಿ ಉಳಿದ ಭಾಗವನ್ನೂ ಓದಿದರು. ಅಲ್ಲಿ ಕೀಲಿಗಳು ಹಾಗೇ ಬಿದ್ದಿದ್ದವು. 2007ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್‌ನಲ್ಲಿ ಅವರು ತಮ್ಮ ಪ್ರೋಗ್ರಾಮನ್ನು ವೀಯಲ್ಲಿ ಓಡಿಸಿ ತೋರಿಸಿದರು. 2008ರಲ್ಲಿ ಎಲ್ಲರಿಗೂ ದಕ್ಕಿದ ದಾರಿ ‘ಟ್ವೈಲೈಟ್ ಹ್ಯಾಕ್’. ಅದೇ ಜೆಲ್ಡಾ ಆಟದಲ್ಲಿ ಲಿಂಕ್‌ನ ಕುದುರೆಗೆ ಮಿತಿಮೀರಿ ಉದ್ದವಾದ ಹೆಸರಿಟ್ಟ ಸೇವ್ ಫೈಲನ್ನು ಹಾಕಿದರೆ ಆಟ ತಡವರಿಸಿ, ಆ ಹೆಸರಿನ ಜೊತೆ ಅಡಗಿಸಿದ್ದ ಪ್ರೋಗ್ರಾಮನ್ನು ಓಡಿಸುತ್ತಿತ್ತು. ಅಮೆರಿಕ, ಯುರೋಪ್, ಜಪಾನ್ ಆವೃತ್ತಿಗಳಿಗೆ ಬೇರೆ ಬೇರೆ ಫೈಲ್ ಬೇಕಾಯಿತು, ಯಾಕೆಂದರೆ ಒಂದೇ ಆಟದ ಒಳಗಿನ ವಿಳಾಸಗಳು ಪ್ರದೇಶಕ್ಕೊಂದು ರೀತಿ. ಅದೇ ವರ್ಷ ಡಾಲ್ಫಿನ್ ಎಮ್ಯುಲೇಟರಿನ ಮೂಲ ಕೋಡ್ ಮುಕ್ತವಾಯಿತು, ವೀ ಆಟಗಳನ್ನು ಬಿಚ್ಚಿ ನೋಡುವವರ ಸಂಖ್ಯೆ ಬೆಳೆಯಿತು.

ಆಮೇಲೆ ಹೊರಬಂದ ಪ್ರಾದೇಶಿಕ ಭೇದಗಳಲ್ಲಿ ಹಲವು ಸಣ್ಣವು. ‘ಮಾರಿಯೊ ಪಾರ್ಟಿ 8’ರ ಒಂದು ಪದ ಅಮೆರಿಕದಲ್ಲಿ ಯಾರನ್ನೂ ಚುಚ್ಚಲಿಲ್ಲ, ಬ್ರಿಟನ್ನಿನಲ್ಲಿ ಅದು ಅಂಗವಿಕಲರನ್ನು ಹೀಯಾಳಿಸುವ ಮಾತು. 2007ರ ಜುಲೈನಲ್ಲಿ ಆಟವನ್ನು ಅಂಗಡಿಗಳಿಂದ ವಾಪಸು ತೆಗೆದುಕೊಂಡು, ತಿದ್ದಿ ಮತ್ತೆ ಬಿಟ್ಟರು.

ಸುದಾ ಗೊಯಿಚಿ ನಿರ್ದೇಶಿಸಿದ ‘ನೋ ಮೋರ್ ಹೀರೋಸ್’ ಇನ್ನಷ್ಟು ಯೋಚನೆಗೆ ಹಚ್ಚುತ್ತದೆ. ಇದರಲ್ಲಿ ಕೊನೆಯ ಏಟಿಗೆ ಬಾಣದ ಗುರುತು ತೋರಿಸಿದ ದಿಕ್ಕಿಗೆ ರಿಮೋಟ್ ಬೀಸಬೇಕು. ಕತ್ತಿಯ ಬ್ಯಾಟರಿ ಮುಗಿದರೆ ರಿಮೋಟನ್ನು ಗಲಗಲ ಅಲ್ಲಾಡಿಸಬೇಕು. ಅಮೆರಿಕದ ಆವೃತ್ತಿಯಲ್ಲಿ ಆ ಬೀಸಿಗೆ ರಕ್ತ ಚಿಮ್ಮುತ್ತದೆ. ಜಪಾನ್ ಮತ್ತು ಯುರೋಪಿನ ಆವೃತ್ತಿಗಳಲ್ಲಿ ಶತ್ರು ಕಪ್ಪು ಬೂದಿಯಾಗಿ ಉದುರುತ್ತಾನೆ. ಕೈ ಮಾಡುವ ಕೆಲಸ ಎಲ್ಲೆಡೆ ಒಂದೇ, ಕಣ್ಣಿಗೆ ಸಿಗುವ ಉತ್ತರ ಬೇರೆ. ಫೈಲುಗಳ ಹೋಲಿಕೆ ಇಲ್ಲಿ ರಕ್ತದ ಚಿತ್ರ ಇದೆ, ಇಲ್ಲ ಎಂದಷ್ಟೇ ಹೇಳುತ್ತದೆ. ಅದೇ ಬೀಸಿನ ತೂಕ ಆಡುವವರಿಗೆ ಬದಲಾಗುತ್ತದೆ ಎಂಬುದನ್ನು ಆಡಿ ನೋಡಿದವರೇ ಹೇಳಬೇಕು.

ಇದೇ ತೂಕದ ಪ್ರಶ್ನೆ ‘ಮ್ಯಾನ್‌ಹಂಟ್ 2’ರಲ್ಲಿ ಕಾನೂನಿನ ಅಂಗಳಕ್ಕೆ ಹೋಯಿತು. 2007ರ ಜೂನ್‌ನಲ್ಲಿ ಬ್ರಿಟನ್ನಿನ ವರ್ಗೀಕರಣ ಮಂಡಳಿ ಬಿಬಿಎಫ್‌ಸಿ ಅದಕ್ಕೆ ಪ್ರಮಾಣಪತ್ರ ನಿರಾಕರಿಸಿತು. 1997ರ ನಂತರ ಆ ಮಂಡಳಿ ಒಂದು ಆಟವನ್ನು ತಿರಸ್ಕರಿಸಿದ್ದು ಅದೇ ಮೊದಲು. ಅಮೆರಿಕದಲ್ಲಿ ಅದಕ್ಕೆ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಸಿಕ್ಕಿತು; ಆ ಮುದ್ರೆಯ ಆಟವನ್ನು ಸೋನಿಯಾಗಲಿ ನಿಂಟೆಂಡೊ ಆಗಲಿ ತಮ್ಮ ಯಂತ್ರಕ್ಕೆ ಬಿಡುತ್ತಿರಲಿಲ್ಲ. ವೀ ಆವೃತ್ತಿಯಲ್ಲಿ ಕೊಲೆಯ ಹೊತ್ತಿಗೆ ರಿಮೋಟನ್ನು ನಿಜವಾಗಿಯೇ ಇರಿಯುವಂತೆ, ಹೊಡೆಯುವಂತೆ ಆಡಿಸಬೇಕಿತ್ತು; ಬಟನ್ ಒತ್ತುವುದಕ್ಕಿಂತ ಇದು ಹೆಚ್ಚು ಘೋರವೇ ಎಂಬ ವಾದ ಆಗ ಜೋರಾಗಿ ನಡೆಯಿತು. ತಯಾರಕರು ಕೊಲೆಯ ದೃಶ್ಯಗಳ ಮೇಲೆ ಮಸುಕು ಪರದೆ ಎಳೆದು 2007ರ ಅಕ್ಟೋಬರ್ ಕೊನೆಗೆ ಅಮೆರಿಕದಲ್ಲಿ ಬಿಟ್ಟರು. ಕೆಲವೇ ದಿನಗಳಲ್ಲಿ ಹ್ಯಾಕರ್‌ಗಳು ಪಿಎಸ್‌ಪಿ ಆವೃತ್ತಿಯ ಮಸುಕನ್ನು ಸರಿಸಿದರು. ಅಡಿಯಲ್ಲಿ ದೃಶ್ಯಗಳು ಹಾಗೇ ಇದ್ದವು. ಬ್ರಿಟನ್ನಿಗೆ ಆ ಆಟ ಬರಲು ಮೇಲ್ಮನವಿಯ ಹೋರಾಟ ಮುಗಿದು 2008ರ ಅಕ್ಟೋಬರ್ ಆಯಿತು. ನನಗೆ ಗಮನಾರ್ಹವೆನಿಸುವುದು ಬೇರೆ. ಇಷ್ಟೆಲ್ಲ ಕತ್ತರಿ ಆಡಿದ್ದು ಚಿತ್ರದ ಮೇಲೆ. ವಾದಕ್ಕೆ ಕಾರಣವಾದ ಇರಿಯುವ ಕೈಚಲನೆ ಆಟದಲ್ಲಿ ಹಾಗೇ ಉಳಿಯಿತು.

ಕೆಲವು ದೇಶಗಳಿಗೆ ಇಡೀ ಆಟವೇ ಬರಲಿಲ್ಲ. ವೀ ರಿಮೋಟನ್ನು ಟಾರ್ಚಿನಂತೆ ಹಿಡಿದು ಕತ್ತಲಲ್ಲಿ ದೆವ್ವಗಳನ್ನು ಅರಸುವ ‘ಫೇಟಲ್ ಫ್ರೇಮ್’ ಸರಣಿಯ ನಾಲ್ಕನೆಯ ಆಟ 2008ರಲ್ಲಿ ಜಪಾನಿನಲ್ಲಿ ಬಂದು ಅಲ್ಲಿಗೇ ನಿಂತಿತು. ಅಭಿಮಾನಿಗಳು 2010ರ ಜನವರಿಯಲ್ಲಿ ಇಂಗ್ಲಿಷ್ ಅನುವಾದ ಬಿಟ್ಟರು. ಮೂಲ ಡಿಸ್ಕನ್ನೇ ಯಂತ್ರಕ್ಕೆ ಹಾಕಬೇಕು, ಅನುವಾದ ಮಾತ್ರ ಎಸ್‌ಡಿ ಕಾರ್ಡಿನಿಂದ ಬರುತ್ತದೆ. ಯಾರ ಹಕ್ಕನ್ನೂ ಕದಿಯದೆ ಮಾಡಿದ ಈ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ಅಧಿಕೃತ ಇಂಗ್ಲಿಷ್ ಆವೃತ್ತಿ ಬಂದದ್ದು 2023ರಲ್ಲಿ.

ಇಷ್ಟರವರೆಗೆ ಹಳೆಯ ಸಲಕರಣೆಗಳು ನಡೆಸಿಕೊಂಡು ಬಂದವು. ಮುಂದಿನ ಉದಾಹರಣೆಗಳಲ್ಲಿ ಅವು ಕೈಬಿಡುತ್ತವೆ. 2006ರ ಇ3ಯಲ್ಲಿ ಟೆನಿಸ್, ಗಾಲ್ಫ್ ಜೊತೆ ‘ವೀ ಸ್ಪೋರ್ಟ್ಸ್’ ಹೆಸರಿನಲ್ಲೇ ವಿಮಾನದಾಟವೊಂದು ಇತ್ತು. ರಿಮೋಟನ್ನೇ ಪುಟ್ಟ ವಿಮಾನದಂತೆ ಹಿಡಿದು ವಾಲಿಸಬೇಕು. ಮಾರಾಟಕ್ಕೆ ಬಂದ ‘ವೀ ಸ್ಪೋರ್ಟ್ಸ್’ನಲ್ಲಿ ಅದಿಲ್ಲ, ಆ ಕಲ್ಪನೆ 2009ರ ‘ವೀ ಸ್ಪೋರ್ಟ್ಸ್ ರೆಸಾರ್ಟ್’ನಲ್ಲಿ ಮರಳಿತು. ನಡುವಿನ ಮೂರು ವರ್ಷಗಳಲ್ಲಿ ಯಂತ್ರವೂ ಬದಲಾಗಿತ್ತು. ಮೊದಲ ರಿಮೋಟಿನಲ್ಲಿದ್ದದ್ದು ವೇಗೋತ್ಕರ್ಷ ಅಳೆಯುವ ಚಿಪ್ ಮತ್ತು ಅವಗೆಂಪು ಕ್ಯಾಮೆರಾ. ಮಟ್ಟಸವಾಗಿ ಹಿಡಿದ ರಿಮೋಟ್ ಎಡಕ್ಕೋ ಬಲಕ್ಕೋ ತಿರುಗಿತು ಎಂಬುದನ್ನು ಆ ಚಿಪ್ ಒಂದೇ ಅರಿಯಲಾರದು, ಯಾಕೆಂದರೆ ಹಾಗೆ ತಿರುಗಿದಾಗ ಗುರುತ್ವದ ಸೆಳೆತ ಬದಲಾಗುವುದಿಲ್ಲ. 2009ರ ಮೋಷನ್‌ಪ್ಲಸ್ ತುಣುಕು ಗೈರೊಸ್ಕೋಪ್ ತಂದು ಆ ಕೊರತೆ ತುಂಬಿತು. ಹಾಗಾಗಿ ಮೋಷನ್ ಆಟದಿಂದ ಒಂದು ಭಾಗ ಕಾಣೆಯಾಗಿದ್ದರೆ ಫೈಲನ್ನು ಮಾತ್ರ ಹುಡುಕಿದರೆ ಸಾಲದು, ಆ ವರ್ಷದ ಸೆನ್ಸರ್ ಏನನ್ನು ಅರಿಯುತ್ತಿತ್ತು ಎಂದೂ ಕೇಳಬೇಕು.

2000ದಲ್ಲಿ ಗೇಮ್ ಬಾಯ್ ಕಲರ್‌ಗೆ ಬಂದ ‘ಕಿರ್ಬಿ ಟಿಲ್ಟ್ ಅಂಡ್ ಟಂಬಲ್’ನ ಉದಾಹರಣೆ ಇನ್ನೂ ಸ್ಪಷ್ಟ. ಅದರ ಸೆನ್ಸರ್ ಇರುವುದು ಕಾರ್ಟ್ರಿಜ್‌ನಲ್ಲೇ. ಯಂತ್ರವನ್ನು ವಾಲಿಸಿದತ್ತ ಕಿರ್ಬಿ ಉರುಳುತ್ತದೆ. ಮುಂದೆ ಬಂದ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಕಾರ್ಟ್ರಿಜ್ ಹಾಕುವ ಕಿಂಡಿ ಕೆಳಗಡೆ. ಅಲ್ಲಿ ಕಾರ್ಟ್ರಿಜ್ ತಲೆಕೆಳಗಾಗಿ ಕೂತು, ಕಿರ್ಬಿ ವಾಲಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ಉರುಳುತ್ತದೆ. ಒಳಗಿನ ಒಂದು ಅಕ್ಷರವೂ ಬದಲಾಗಿಲ್ಲ. ಎರಡು ಪ್ರತಿಗಳನ್ನು ಬೈಟ್ ಬೈಟ್ ಹೋಲಿಸಿದರೂ ಈ ವ್ಯತ್ಯಾಸ ಸಿಗುವುದಿಲ್ಲ.

2020ರಲ್ಲಿ ನಿಂಟೆಂಡೊದ ಒಳಕಡತಗಳು ಭಾರೀ ಪ್ರಮಾಣದಲ್ಲಿ ಸೋರಿ, ವೀಗೆ ಸಂಬಂಧಿಸಿದ ದಾಖಲೆಗಳೂ ಹೊರಬಂದವು. ತಾನು ಕೊಂಡ ಡಿಸ್ಕನ್ನು ಬಿಚ್ಚುವುದಕ್ಕೂ ಇನ್ನೊಬ್ಬರ ಕಚೇರಿಯ ಕಡತ ಹೊತ್ತು ತರುವುದಕ್ಕೂ ದೊಡ್ಡ ಅಂತರವಿದೆ ಎಂದೇ ನಾನು ತಿಳಿದಿದ್ದೇನೆ. ಕೈಚಲನೆಯ ಚರಿತ್ರೆಗೆ ಅವಕ್ಕಿಂತ ಹೆಚ್ಚು ಬೆಲೆಬಾಳುವುದು ತಯಾರಕರು ತಾವಾಗಿ ಆಡಿದ ಮಾತುಗಳು. ನಿಂಟೆಂಡೊದ ಆಗಿನ ಅಧ್ಯಕ್ಷ ಸತೋರು ಇವಾಟಾ 2006ರಿಂದ ನಡೆಸಿದ ‘ಇವಾಟಾ ಆಸ್ಕ್ಸ್’ ಸಂದರ್ಶನ ಸರಣಿಯಲ್ಲಿ ಅಂಥವು ಹೇರಳವಾಗಿವೆ. ಮೇಳಗಳಲ್ಲಿ ಆಡಿದವರ ವೀಡಿಯೊಗಳನ್ನು, ಅದರಲ್ಲೂ ತೆರೆಯ ಜೊತೆ ಆಡುವವರ ಕೈಯೂ ಕಾಣುವಂಥವನ್ನು, ಯಾರಾದರೂ ಒಟ್ಟುಗೂಡಿಸಬೇಕು. ಕೆಲಸ ಮಾಡುವ ಹಳೆಯ ಯಂತ್ರ, ಹಳೆಯ ರಿಮೋಟ್, ಕಾರ್ಟ್ರಿಜ್‌ಗಳನ್ನು ಫೈಲುಗಳಷ್ಟೇ ಜೋಪಾನವಾಗಿ ಕಾಯಬೇಕು. ಕಿರ್ಬಿ ಆಟ 2023ರಲ್ಲಿ ಸ್ವಿಚ್ ಯಂತ್ರಕ್ಕೆ ಬಂತು. ಅಲ್ಲಿ ಅದು ಉರುಳುವುದು ಸ್ವಿಚ್‌ನದೇ ಸೆನ್ಸರಿನಿಂದ.